ತಪ್ಪು ದಂಡನೆ ಮತ್ತು ಉತ್ತರವಾದಿತ್ವ: ಅಡಾಲ್ಫ್ ಬೆಕ್ ಮೊಕದ್ದಮೆಯ ಒಂದು ಪರಿಶೀಲನೆ

ನಿರಪರಾಧಿಯೊಬ್ಬನಿಗೆ ನ್ಯಾಯಾಲಯವು ಶಿಕ್ಷೆ ವಿಧಿಸಿತೆಂಬ ಸಂಗತಿ ಹೊರಬಿದ್ದೊಡನೆಯೇ ಜನರು ಕೇಳುವ ಮೊದಲ ಪ್ರಶ್ನೆ, ಸುಳ್ಳು ಹೇಳಿದವರು ಯಾರು ಎಂಬುದು. ಸುಳ್ಳುಸಾಕ್ಷಿ, ಲಂಚ, ಹಗೆ, ಅಧಿಕಾರಿಯ ದುರುದ್ದೇಶ, ಇವುಗಳಲ್ಲಿ ಯಾವುದಾದರೊಂದು ಅಲ್ಲಿ ಇದ್ದೇ ಇರಬೇಕೆಂದು ಎಲ್ಲರೂ ಭಾವಿಸುತ್ತಾರೆ. ಅಂಥ ಪ್ರಕರಣಗಳು ಇಲ್ಲವೆಂದಲ್ಲ. ಆದರೆ ಈ ವಿಷಯವನ್ನು ವ್ಯಾಸಂಗ ಮಾಡುವವರಿಗೆ ಅವುಗಳಿಗಿಂತ ಹೆಚ್ಚು ಬೋಧಪ್ರದವಾದ ಇನ್ನೊಂದು ವರ್ಗದ ಪ್ರಕರಣಗಳುಂಟು: ಯಾರೊಬ್ಬರೂ ಬೇಕೆಂದು ಸುಳ್ಳಾಡದೆ, ಪ್ರತಿಯೊಬ್ಬರೂ ತಮ್ಮ ತಮ್ಮ ಕರ್ತವ್ಯವನ್ನು ನೆರವೇರಿಸಿದೆವೆಂದೇ ನಂಬಿ, ಎಲ್ಲರೂ ಕೂಡಿ ಒಬ್ಬ ಮನುಷ್ಯನ ಬಾಳನ್ನು ಹಾಳುಮಾಡಿದ ಪ್ರಕರಣಗಳು. ಇವುಗಳಲ್ಲಿ ಅಪರಾಧಿಯನ್ನು ಹುಡುಕಹೋದರೆ ಯಾರೂ ಸಿಕ್ಕುವುದಿಲ್ಲ. ಹೊಣೆಗಾರರನ್ನು ಹುಡುಕಹೋದರೆ ಪ್ರತಿಯೊಬ್ಬರೂ ಪಕ್ಕದವರ ಕಡೆಗೆ ಕೈ ತೋರಿಸುತ್ತಾರೆ. ಇಂಗ್ಲೆಂಡಿನ ಅಡಾಲ್ಫ್ ಬೆಕ್ ಎಂಬಾತನ ಮೊಕದ್ದಮೆ ಇಂಥದು. ಅದನ್ನು ಕೊಂಚ ವಿವರವಾಗಿ ನಿರೂಪಿಸಿ, ಆ ಬಳಿಕ ನಮ್ಮ ದೇಶದ ಕಾನೂನಿನ ಸ್ಥಿತಿಯನ್ನು ಅದೇ ಬೆಳಕಿನಲ್ಲಿ ನೋಡುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಬೆಕ್ ನಾರ್ವೆ ದೇಶದವನು, 1841ರಲ್ಲಿ ಹುಟ್ಟಿದವನು. 1865ರಲ್ಲಿ ಇಂಗ್ಲೆಂಡಿಗೆ ಬಂದು, 1868ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ, ಪೆರು ದೇಶದಲ್ಲಿ ಬಹುಕಾಲವಿದ್ದು, 1885ರಲ್ಲಿ ಲಂಡನ್ನಿಗೆ ಮರಳಿದನು. ಈ ವರ್ಷಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಕಥೆಯೆಲ್ಲ ಇವುಗಳ ಮೇಲೆಯೇ ನಿಂತಿದೆ. ನಾರ್ವೆಯ ಒಂದು ತಾಮ್ರದ ಗಣಿಯಲ್ಲಿ ಹಣ ತೊಡಗಿಸಿ ಕೈಸುಟ್ಟುಕೊಂಡು, ಸಾಲಸೋಲಗಳಲ್ಲಿದ್ದರೂ ಗೌರವಸ್ಥನಂತೆ ಉಡುಪು ಧರಿಸಿ ಓಡಾಡುತ್ತಿದ್ದ ಮಧ್ಯವಯಸ್ಕನೆಂದರೆ ಆತನ ಅಂದಿನ ಚಿತ್ರ ಸಾಕಷ್ಟು ಸಿಕ್ಕಿದಂತೆಯೇ.

1895ನೆಯ ಡಿಸೆಂಬರ್ 16ರಂದು ಲಂಡನ್ನಿನ ವಿಕ್ಟೋರಿಯ ಬೀದಿಯಲ್ಲಿ ಒಬ್ಬ ಮಹಿಳೆ ಆತನನ್ನು ತಡೆದು, ತನ್ನ ಕೈಗಡಿಯಾರಗಳನ್ನೂ ಉಂಗುರಗಳನ್ನೂ ಅಪಹರಿಸಿದ ವಂಚಕನು ಇವನೇ ಎಂದಳು. ಬೆಕ್ ಗಾಬರಿಯಿಂದ ರಸ್ತೆ ದಾಟಿ ಪೊಲೀಸಿನವನೊಬ್ಬನ ಬಳಿಗೆ ತಾನೇ ಹೋಗಿ, ಈ ಹೆಂಗಸು ತನ್ನನ್ನು ಕಾಡುತ್ತಿರುವಳೆಂದು ದೂರಿದನು. ಇಬ್ಬರನ್ನೂ ಠಾಣೆಗೆ ಕರೆದೊಯ್ಯಲಾಯಿತು. ಅಲ್ಲಿಂದ ಹೊರಬಂದವಳು ಆಕೆ ಮಾತ್ರ. ಆ ಎರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರು ಒಂದೇ ಬಗೆಯ ವಂಚನೆಗೆ ಗುರಿಯಾಗಿದ್ದರು. ನರೆತ ಕೂದಲಿನ, ಮೀಸೆಯುಳ್ಳ ಒಬ್ಬ ಸಭ್ಯನು ತಾನು ಶ್ರೀಮಂತ ಲಾರ್ಡನೆಂದು ಹೇಳಿಕೊಂಡು ಪರಿಚಯ ಮಾಡಿಕೊಳ್ಳುವುದು, ಪರದೇಶ ಪ್ರವಾಸಕ್ಕೆ ಜತೆಯಾಗಿ ಬರಬೇಕೆಂದು ಕರೆಯುವುದು, ಹೊಸ ಉಡುಪುಗಳಿಗೆಂದು ಬೆಲೆಯಿಲ್ಲದ ಚೆಕ್ ಬರೆದುಕೊಡುವುದು, ಇನ್ನೂ ಒಳ್ಳೆಯದನ್ನು ತಂದುಕೊಡುವ ನೆವದಿಂದ ಗಡಿಯಾರ ಉಂಗುರಗಳನ್ನು ಇಸಿದುಕೊಂಡು ಮಾಯವಾಗುವುದು, ಇದೇ ಅವನ ಕ್ರಮ. ಪೊಲೀಸರು ಬೀದಿಯಿಂದ ಹಲವರನ್ನು ಕರೆತಂದು ಬೆಕ್‌ನೊಡನೆ ಸಾಲಾಗಿ ನಿಲ್ಲಿಸಿ ಆ ಸ್ತ್ರೀಯರಿಗೆ ತೋರಿಸಿದರು. ಆ ಸಾಲಿನಲ್ಲಿ ನರೆತ ಕೂದಲೂ ಮೀಸೆಯೂ ಇದ್ದವನು ಬೆಕ್ ಒಬ್ಬನೇ. ಒಬ್ಬರ ಹಿಂದೊಬ್ಬರಾಗಿ ಹಲವರು ಆತನನ್ನೇ ಗುರುತಿಸಿದರು. ಇವರು ಸುಳ್ಳು ಹೇಳಿದರೆನ್ನಲಾಗದು. ತಮಗೆ ಮೋಸವಾದದ್ದು ನಿಜ. ಮೋಸಗಾರನು ಸಿಕ್ಕಿದ್ದಾನೆಂದು ಪೊಲೀಸರು ಕರೆಕಳುಹಿಸಿದ್ದಾರೆ. ಸಾಲಿನಲ್ಲಿ ಹೋಲುವವನೊಬ್ಬನೇ ನಿಂತಿದ್ದಾನೆ. ಹೀಗಿರಲು ಬೇರೇನನ್ನು ನಿರೀಕ್ಷಿಸಬಹುದು?

ಇಲ್ಲಿಗೆ ಇದು ಗುರುತಿನ ಪೊರಪಾಟಿನ ಸಾಮಾನ್ಯ ಪ್ರಸಂಗವಾಗಿರುತ್ತಿತ್ತು. ಅದನ್ನು ಅಸಾಮಾನ್ಯವಾಗಿಸಿದ್ದು 1877ನೆಯ ವರ್ಷದ ಒಂದು ಹಳೆಯ ಕಡತ. ಆ ವರ್ಷ ಜಾನ್ ಸ್ಮಿತ್ ಎಂಬ ಹೆಸರಿನವನೊಬ್ಬನು ಅಕ್ಷರಶಃ ಇದೇ ರೀತಿಯ ವಂಚನೆಗಾಗಿ ಐದು ವರ್ಷದ ಕಠಿನ ಶಿಕ್ಷೆಗೆ ಗುರಿಯಾಗಿದ್ದನು. ಅವನನ್ನು ಅಂದು ಬಂಧಿಸಿದ್ದ ಪೊಲೀಸಿನವನು ಹದಿನೆಂಟು ವರ್ಷಗಳ ಅನಂತರ ಕೆಳಗಿನ ನ್ಯಾಯಾಲಯಕ್ಕೆ ಬಂದು, ಬೆಕ್ಕೇ ಆ ಸ್ಮಿತ್ ಎಂದು ಸಂದೇಹವಿಲ್ಲದೆ ಪ್ರಮಾಣಪೂರ್ವಕವಾಗಿ ನುಡಿದನು. ಕೈಬರಹದ ತಜ್ಞನಾದ ಥಾಮಸ್ ಗುರಿನ್, 1877ರ ಬರಹವೂ 1895ರ ಬರಹವೂ ಒಂದೇ ಕೈಯದೆಂದು ವರದಿ ಮಾಡಿದನು. ಈ ತಜ್ಞನ ಮಾತು ನಿಜವೇ ಆಗಿತ್ತು! ಎರಡೂ ಒಂದೇ ಕೈಯವು. ಆದರೆ ಆ ಕೈ ಬೆಕ್‌ನದಲ್ಲ. ಇದನ್ನು ತೋರಿಸುವುದು ಬಹು ಸುಲಭವಾಗಿತ್ತು. 1877ರಲ್ಲಿ ಬೆಕ್ ಪೆರುವಿನಲ್ಲಿದ್ದನು. ಅಲ್ಲಿ ಆತನನ್ನು ಬಲ್ಲವರು ಲಂಡನ್ನಿನಲ್ಲೇ ಇದ್ದು ಸಾಕ್ಷಿ ಹೇಳಲು ಸಿದ್ಧರಿದ್ದರು. ಸ್ಮಿತ್ ಮಾಡಿದ್ದನ್ನೇ 1895ರ ವಂಚಕನು ಮಾಡಿದನೆಂದೂ, ಬೆಕ್ ಸ್ಮಿತ್ ಆಗಿರಲು ಶಕ್ಯವಿಲ್ಲವೆಂದೂ ಸಿದ್ಧವಾದರೆ ಬೆಕ್ ನಿರಪರಾಧಿ ಎಂಬುದು ಗಣಿತದಷ್ಟು ನಿಶ್ಚಿತ.

ವಿಚಾರಣೆ 1896ನೆಯ ಮಾರ್ಚ್ 3ರಂದು ಲಂಡನ್ನಿನ ಓಲ್ಡ್ ಬೈಲಿಯಲ್ಲಿ ಸರ್ ಫಾರೆಸ್ಟ್ ಫುಲ್ಟನ್ನನ ಮುಂದೆ ಆರಂಭವಾಯಿತು. ಈ ಫುಲ್ಟನ್ನನೇ 1877ರಲ್ಲಿ ಸ್ಮಿತ್‌ನ ವಿರುದ್ಧ ಸರ್ಕಾರದ ಪರವಾಗಿ ವಾದಿಸಿದ್ದ ವಕೀಲನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಸರ್ಕಾರಿ ವಕೀಲ ಹೊರೇಸ್ ಏವರಿ, ಹಿಂದಿನ ಶಿಕ್ಷೆಯನ್ನು ಉಲ್ಲೇಖಿಸಿದ್ದ ಗುರುತರ ಆರೋಪಪತ್ರವನ್ನು ಬದಿಗಿಟ್ಟು, ಲಘುತರ ಆರೋಪಗಳ ಮೇಲೆ ಮಾತ್ರ ಮೊಕದ್ದಮೆ ನಡೆಸಿದನು. ಹೀಗೆ ಮಾಡಲು ಅವನಿಗೆ ಅಧಿಕಾರವಿತ್ತು. ಆದರೆ ಪರಿಣಾಮವೇನಾಯಿತು? 1877ರ ವಿಷಯವೇ ಆರೋಪದಲ್ಲಿಲ್ಲವಾದುದರಿಂದ ಆ ಹಳೆಯ ಪೊಲೀಸಿನವನನ್ನು ಸಾಕ್ಷಿಯ ಕಟ್ಟೆಗೆ ಕರೆಯಲಿಲ್ಲ. ಬೆಕ್‌ನ ವಕೀಲ ಚಾರ್ಲ್ಸ್ ಗಿಲ್, ಕೈಬರಹದ ತಜ್ಞನನ್ನಾದರೂ 1877ರ ಬರಹದ ಬಗ್ಗೆ ಪ್ರಶ್ನಿಸಲು ಹೊರಟಾಗ ಸರ್ಕಾರಿ ವಕೀಲನು ಆಕ್ಷೇಪಿಸಿದನು. ಅದು ಅಪ್ರಸ್ತುತವೆಂದು ನ್ಯಾಯಾಧೀಶನು ತೀರ್ಮಾನಿಸಿದನು. ಆಪಾದಿತನು ತನ್ನ ಪರವಾಗಿ ತಾನೇ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯುವ ಹಕ್ಕು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ದೊರೆತದ್ದು 1898ರ ಶಾಸನದಿಂದ; 1896ರಲ್ಲಿ ಬೆಕ್‌ಗೆ ಅದೂ ಇರಲಿಲ್ಲ. ಆತನನ್ನು ಬಿಡಿಸಬಲ್ಲ ಒಂದೇ ಒಂದು ಸಂಗತಿ ಜ್ಯೂರಿಯ ಕಿವಿಗೆ ಬೀಳದೆಯೇ ಹೋಯಿತು. ಮಾರ್ಚ್ 5ರಂದು ಏಳು ವರ್ಷದ ಕಠಿನ ಶಿಕ್ಷೆಯಾಯಿತು.

ಮುಂದೆ ನಡೆದದ್ದು ವಿಚಿತ್ರ. ಬೆಕ್ಕೇ ಸ್ಮಿತ್ ಎಂಬ ವಿಷಯವನ್ನು ನ್ಯಾಯಾಲಯವು ವಿಚಾರಿಸಲೇ ಇಲ್ಲವಷ್ಟೆ. ಆದರೆ ಸೆರೆಮನೆಯಲ್ಲಿ ಆತನಿಗೆ ಕೊಟ್ಟದ್ದು 1877ರ ಸ್ಮಿತ್‌ನ ಹಳೆಯ ಸಂಖ್ಯೆ: ಡಿ 523, ಎರಡನೆಯ ಸಲ ಶಿಕ್ಷೆಗೊಳಗಾದವನೆಂದು ಸೂಚಿಸುವ ಡಬ್ಲ್ಯೂ ಅಕ್ಷರವನ್ನೂ ಅದಕ್ಕೆ ಸೇರಿಸಲಾಯಿತು. ವಿಚಾರಣೆಯಲ್ಲಿ ಯಾವುದನ್ನು ಅಪ್ರಸ್ತುತವೆಂದು ತಳ್ಳಿಹಾಕಲಾಯಿತೋ ಅದೇ ಸೆರೆಮನೆಯ ದಫ್ತರದಲ್ಲಿ ಸಿದ್ಧಸಂಗತಿಯಾಗಿ ಕುಳಿತಿತು. ಕಡತವೊಂದು ಒಂದು ಕಛೇರಿಯಿಂದ ಇನ್ನೊಂದಕ್ಕೆ ಹೋಗುವಾಗ ಅನುಮಾನವು ಹೇಗೆ ನಿಶ್ಚಯವಾಗಿ ಮಾರ್ಪಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಆಗ ಅಪರಾಧ ಮೊಕದ್ದಮೆಗಳಲ್ಲಿ ಸಂಗತಿಗಳ ಮೇಲೆ ಅಪೀಲು ಮಾಡಿಕೊಳ್ಳುವ ಹಾದಿಯೇ ಇರಲಿಲ್ಲ. ಇದ್ದದ್ದೊಂದೇ ದಾರಿ, ರಾಜನ ಕ್ಷಮೆಗಾಗಿ ಗೃಹಖಾತೆಗೆ ಅರ್ಜಿ ಸಲ್ಲಿಸುವುದು. 1896ರಿಂದ 1901ರವರೆಗೆ ಬೆಕ್‌ನ ಪರವಾಗಿ ಹತ್ತು ಅರ್ಜಿಗಳು ಹೋದುವು. 1898ರಲ್ಲಿ ಗೃಹಖಾತೆಯವರು ಕೊನೆಗೂ ಸ್ಮಿತ್‌ನ ಹಳೆಯ ಸೆರೆಮನೆಯ ದಾಖಲೆಯನ್ನು ತರಿಸಿ ನೋಡಿದರು. ಸ್ಮಿತ್ ಯೆಹೂದ್ಯನೆಂದೂ ಸುನ್ನತಿಯಾದವನೆಂದೂ ಅಲ್ಲಿ ಬರೆದಿತ್ತು. ಬೆಕ್‌ಗೆ ಸುನ್ನತಿಯಾಗಿರಲಿಲ್ಲ. ಇಬ್ಬರೂ ಒಬ್ಬನೇ ಎಂಬ ಕಟ್ಟಡವೆಲ್ಲ ಆ ಒಂದು ಸಾಲಿನಿಂದ ಕುಸಿಯಿತು.

ಕುಸಿಯಬೇಕಾಗಿತ್ತು ಎನ್ನುವುದು ಸರಿಯಾದೀತು. ಗೃಹಖಾತೆಯು ಶಿಕ್ಷೆ ವಿಧಿಸಿದ ಫುಲ್ಟನ್ನನ ಅಭಿಪ್ರಾಯವನ್ನೇ ಕೇಳಿತು. ಬೆಕ್ ಸ್ಮಿತ್ ಅಲ್ಲವೆಂಬುದನ್ನು ಆತನು ಒಪ್ಪಿಕೊಂಡನು. ಆದರೂ ಬೆಕ್‌ನ ದಕ್ಷಿಣ ಅಮೆರಿಕದ ವೃತ್ತಾಂತವು ತನಗೆ ಸಂಶಯಾಸ್ಪದವಾಗಿ ತೋರುವುದೆಂದೂ, 1895ರ ಅಪರಾಧಗಳನ್ನು ಅವನೇ ಮಾಡಿದನೆಂಬ ತನ್ನ ಅಭಿಪ್ರಾಯ ಬದಲಾಗಿಲ್ಲವೆಂದೂ ತಿಳಿಸಿದನು. ಗೃಹಖಾತೆಯು ಇಷ್ಟಕ್ಕೆ ತೃಪ್ತಿಪಟ್ಟಿತು. ಪೂರ್ವಶಿಕ್ಷೆಯ ಗುರುತನ್ನು ಬೆಕ್‌ನ ದಾಖಲೆಯಿಂದ ತೆಗೆದುಹಾಕಿದರು, ಶಿಕ್ಷೆಯನ್ನು ಮುಟ್ಟಲಿಲ್ಲ. ದಫ್ತರವು ತಿದ್ದಲ್ಪಟ್ಟಿತು, ಮನುಷ್ಯನು ಒಳಗೇ ಉಳಿದನು. ಆತನು ಹೊರಬಂದದ್ದು 1901ರ ಜುಲೈಯಲ್ಲಿ, ಸನ್ನಡತೆಯ ಕಾರಣದಿಂದ, ಶಿಕ್ಷೆಯ ಬಹುಭಾಗವನ್ನು ಅನುಭವಿಸಿದ ಬಳಿಕ.

ನಮ್ಮ ವಾದದ ತಿರುಳು ಈ 1898ರ ಪ್ರಸಂಗದಲ್ಲಿದೆ. ಇಲ್ಲಿ ಯಾರೂ ದುಷ್ಟರಲ್ಲ. ಗೃಹಖಾತೆಯ ಗುಮಾಸ್ತರು ನ್ಯಾಯಾಧೀಶನ ಅಭಿಪ್ರಾಯಕ್ಕೆ ಗೌರವ ಕೊಟ್ಟರು. ನ್ಯಾಯಾಧೀಶನು ಜ್ಯೂರಿಯ ತೀರ್ಪಿಗೆ ಗೌರವ ಕೊಟ್ಟನು. ಜ್ಯೂರಿಯವರು ಸಾಕ್ಷಿಗಳನ್ನು ನಂಬಿದರು. ಸಾಕ್ಷಿಗಳು ಪೊಲೀಸರು ಸರಿಯಾದವನನ್ನೇ ಹಿಡಿದಿರಬೇಕೆಂದು ನಂಬಿದರು. ನಂಬಿಕೆಯ ಈ ಸರಪಣಿಯಲ್ಲಿ ಸಾಕ್ಷ್ಯವನ್ನು ಮೊದಲಿನಿಂದ ಹೊಸದಾಗಿ ನೋಡುವ ಹೊಣೆ ಯಾರಿಗೂ ಇರಲಿಲ್ಲ. ತಪ್ಪನ್ನು ತಿದ್ದಬೇಕೆಂಬ ಅರ್ಜಿಯು, ತಪ್ಪಾಗಿದೆಯೆಂದು ಒಪ್ಪಿದರೆ ಮುಜುಗರಪಡಬೇಕಾದವರ ಬಳಿಗೇ ಅಭಿಪ್ರಾಯಕ್ಕಾಗಿ ಹೋಯಿತು. ಅಲ್ಲದೆ, ಅರ್ಜಿಯನ್ನು ತಿರಸ್ಕರಿಸಿದವರು ಕಾರಣ ಬರೆಯಬೇಕಾದ ಕಟ್ಟುಪಾಡೂ ಇರಲಿಲ್ಲ.

1904ರ ಏಪ್ರಿಲಿನಲ್ಲಿ ಬೆಕ್‌ನನ್ನು ಪುನಃ ಬಂಧಿಸಲಾಯಿತು. ಅದೇ ಬಗೆಯ ವಂಚನೆಗಳು ಮತ್ತೆ ಹುಟ್ಟಿಕೊಂಡಿದ್ದುವು. ಪೊಲೀಸರಿಗೆ ಬೆಕ್ ಗೊತ್ತಿದ್ದವನು. ಈ ಸಲ ಐವರು ಸ್ತ್ರೀಯರು ಗುರುತಿಸಿದರು. ಜೂನ್ 27ರಂದು ಜ್ಯೂರಿ ಅಪರಾಧಿಯೆಂದು ಹೇಳಿತು. ಆದರೆ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಗ್ರಾಂಥಮ್ ಮನಸ್ಸಿನಲ್ಲಿ ಏನೋ ಅಳುಕುಂಟಾಗಿ ಶಿಕ್ಷೆ ವಿಧಿಸುವುದನ್ನು ಮುಂದಕ್ಕೆ ಹಾಕಿದನು. ಇಡೀ ಕಥೆಯಲ್ಲಿ ತನ್ನ ಸಂದೇಹಕ್ಕೆ ಕಾಲಾವಕಾಶ ಕೊಟ್ಟ ನ್ಯಾಯಾಧೀಶ ಇವನೊಬ್ಬನೇ. ಹತ್ತು ದಿನಗಳಾದ ಮೇಲೆ, ಬೆಕ್ ಸೆರೆಯಲ್ಲಿರುವಾಗಲೇ, ಹೊಸದಾಗಿ ವಂಚನೆಗೊಳಗಾದವರ ಉಂಗುರಗಳನ್ನು ಒತ್ತೆಯಿಡಲು ಹೋದವನೊಬ್ಬನು ಸಿಕ್ಕಿಬಿದ್ದನು. ಬೆಕ್‌ನ ಹಿಂದಿನ ವಿಚಾರಣೆಯನ್ನು ಕಂಡಿದ್ದ ಇನ್‌ಸ್ಪೆಕ್ಟರ್ ಜಾನ್ ಕೇನ್ ಎಂಬುವನು ಆ ಠಾಣೆಗೆ ಹೋಗಿದ್ದಾಗ ಈ ಸುದ್ದಿ ಕೇಳಿ, ಹೋಲಿಕೆಯನ್ನು ಗಮನಿಸಿ, ಮೇಲಿನವರಿಗೆ ತಿಳಿಸಿದನು. ಸಿಕ್ಕಿದವನು ವಿಲ್ಹೆಲ್ಮ್ ಮೇಯರ್. ಇವನೇ 1877ರ ಜಾನ್ ಸ್ಮಿತ್. ಆ ಸೆಪ್ಟೆಂಬರಿನಲ್ಲಿ ತಪ್ಪೊಪ್ಪಿಕೊಂಡು ಐದು ವರ್ಷದ ಶಿಕ್ಷೆ ಪಡೆದನು. ಬೆಕ್‌ನನ್ನು ಎರಡನೆಯ ಬಾರಿ ಉಳಿಸಿದ್ದು ವಕೀಲರೂ ಅಲ್ಲ, ಸರ್ಕಾರವೂ ಅಲ್ಲ. ಆತನು ಆಗ ಸೆರೆಯಲ್ಲಿದ್ದನೆಂಬ ಸಂಗತಿ. ಅದಕ್ಕಿಂತ ಬಲವಾದ ನೆಲೆಸಾಕ್ಷ್ಯವನ್ನು ಯಾವ ಆಪಾದಿತನು ತಂದಾನು?

1904ರ ಜುಲೈಯಲ್ಲಿ ಬೆಕ್‌ಗೆ ರಾಜನ ಕ್ಷಮಾದಾನ ದೊರೆಯಿತು. ಮಾಡದ ತಪ್ಪಿಗೆ ಕ್ಷಮೆ! ಕಾನೂನಿನ ಕೈಯಲ್ಲಿ ಬೇರೆ ಶಬ್ದವೇ ಇರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಮೊದಲು 2,000 ಪೌಂಡುಗಳನ್ನು ಕೊಡಮುಂದಾದ ಸರ್ಕಾರವು ಪತ್ರಿಕೆಗಳ ಗದ್ದಲದಿಂದ ಅದನ್ನು 5,000ಕ್ಕೆ ಏರಿಸಿತು; ಅದೂ ಹಕ್ಕಿನಿಂದಲ್ಲ, ಅನುಗ್ರಹವಾಗಿ. ಸರ್ ರಿಚರ್ಡ್ ಹೆನ್ ಕಾಲಿನ್ಸ್, ಸರ್ ಸ್ಪೆನ್ಸರ್ ವಾಲ್ಪೋಲ್ ಮತ್ತು ಸರ್ ಜಾನ್ ಎಡ್ಜ್ ಎಂಬ ಮೂವರ ಸಮಿತಿಯೊಂದು ಎಲ್ಲವನ್ನೂ ವಿಚಾರಿಸಿ ಆ ವರ್ಷದ ನವೆಂಬರಿನಲ್ಲಿ ವರದಿ ಕೊಟ್ಟಿತು. 1877ರ ವಿಷಯವನ್ನು ವಿಚಾರಣೆಯಿಂದ ಹೊರಗಿಟ್ಟದ್ದೇ ಮೂಲದೋಷವೆಂದೂ, ಗೃಹಖಾತೆಯಲ್ಲಿ ಅರ್ಜಿಗಳನ್ನು ತಕ್ಕ ಕಾನೂನು ಪರಿಣತಿಯಿಂದ ಪರಿಶೀಲಿಸಿರಲಿಲ್ಲವೆಂದೂ ಸಮಿತಿ ಹೇಳಿತು. ಕೈಬರಹದ ತಜ್ಞನು ತನ್ನ ತಪ್ಪನ್ನು ಒಪ್ಪಿಕೊಂಡನು. ಫುಲ್ಟನ್ ಆ ಹೊತ್ತಿಗೆ ಲಂಡನ್ ನಗರದ ರೆಕಾರ್ಡರ್ ಎಂಬ ಉನ್ನತ ನ್ಯಾಯಾಧಿಕಾರದಲ್ಲಿದ್ದು 1922ರವರೆಗೂ ಮುಂದುವರಿದನು; ಏವರಿ 1910ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶನಾದನು. ಬೆಕ್ 1909ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡನು.

ಮೇಲೆ ಹೇಳಿದ ಸರ್ ಜಾನ್ ಎಡ್ಜ್ 1886ರಿಂದ 1898ರವರೆಗೆ ಅಲಹಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾಗಿದ್ದವನು. ಇಂಗ್ಲೆಂಡಿನಲ್ಲಿ ಇಲ್ಲದಿದ್ದ ಅಪರಾಧ ಅಪೀಲಿನ ವ್ಯವಸ್ಥೆ ಆಗ ಭಾರತದಲ್ಲಿತ್ತು. 1861ರ ದಂಡ ಪ್ರಕ್ರಿಯಾ ಸಂಹಿತೆಯಿಂದಲೇ ಇಲ್ಲಿ ಕೆಳ ನ್ಯಾಯಾಲಯದ ಶಿಕ್ಷೆಯ ಮೇಲೆ ಅಪೀಲು ಹೋಗಬಹುದಾಗಿತ್ತು. ಜ್ಯೂರಿಯ ತೀರ್ಪುಗಳಲ್ಲಿ ಅದು ಕಾನೂನಿನ ಅಂಶಗಳಿಗೆ ಮಿತವಾಗಿದ್ದರೂ, ಉಳಿದೆಡೆ ಸಂಗತಿಗಳ ಮೇಲೆಯೂ ಇತ್ತು. ಆಳುವವರು ಆಳಿಸಿಕೊಳ್ಳುವವರಿಗೆ ಕೊಟ್ಟಿದ್ದ ಈ ರಕ್ಷಣೆಯನ್ನು ತಮಗೆ ತಾವು ಕೊಟ್ಟುಕೊಂಡದ್ದು 1907ರ ಶಾಸನದಿಂದ. ತಮ್ಮ ಜ್ಯೂರಿಯ ಮೇಲಿನ ಅಭಿಮಾನ ಅಷ್ಟಿತ್ತೆಂದು ತೋರುತ್ತದೆ. ಆ ಶಾಸನಕ್ಕೆ ಬೆಕ್‌ನ ಪ್ರಕರಣದೊಡನೆ ಇನ್ನೊಂದು ಪ್ರಕರಣವೂ ಕಾರಣವಾಯಿತು. ಮುಂಬಯಿಯ ಪಾರ್ಸಿ ಮೂಲದ ಪಾದ್ರಿಯೊಬ್ಬರ ಮಗನೂ ಸ್ವತಃ ನ್ಯಾಯವಾದಿಯೂ ಆಗಿದ್ದ ಜಾರ್ಜ್ ಎಡಾಲ್ಜಿಯನ್ನು 1903ರಲ್ಲಿ, ಸ್ಟಾಫರ್ಡ್‌ಷೈರಿನ ಹಳ್ಳಿಯೊಂದರಲ್ಲಿ ಕುದುರೆಯನ್ನು ಸೀಳಿದನೆಂಬ ಆರೋಪದ ಮೇಲೆ ಏಳು ವರ್ಷದ ಶಿಕ್ಷೆಗೆ ಗುರಿಪಡಿಸಲಾಗಿತ್ತು. ಅನಾಮಧೇಯ ಪತ್ರಗಳು ಆತನ ಕೈಬರಹವೆಂದು ಅಲ್ಲಿ ನುಡಿದ ತಜ್ಞನೂ ಅದೇ ಗುರಿನ್. ಕಥೆಗಾರ ಆರ್ಥರ್ ಕೊನನ್ ಡಾಯಿಲ್ ಈ ಪಕ್ಷವನ್ನು ಹಿಡಿದು ಬರೆದ ಮೇಲೆ 1907ರಲ್ಲಿ ಎಡಾಲ್ಜಿಗೆ ಕ್ಷಮಾದಾನವಾಯಿತು. ಆದರೆ ಪತ್ರಗಳನ್ನು ಆತನೇ ಬರೆದು ತೊಂದರೆಯನ್ನು ತಂದುಕೊಂಡನೆಂದು ಸಮಿತಿ ಹೇಳಿದ್ದರಿಂದ ಪರಿಹಾರವಾಗಿ ಒಂದು ಕಾಸೂ ಸಿಕ್ಕಲಿಲ್ಲ.

ಅಪೀಲಿನ ನ್ಯಾಯಾಲಯ ಸ್ಥಾಪಿತವಾದುದರಿಂದ ರೋಗ ವಾಸಿಯಾಯಿತೆ? ಇಂಗ್ಲೆಂಡಿನಲ್ಲಿ 1950ರ ಮಾರ್ಚಿನಲ್ಲಿ ತಿಮೊಥಿ ಇವಾನ್ಸ್ ಎಂಬಾತನನ್ನು ಮಗಳ ಕೊಲೆಗಾಗಿ ಗಲ್ಲಿಗೇರಿಸಿದಾಗ ಅಪೀಲು ತಿರಸ್ಕೃತವಾಗಿಯೇ ಇತ್ತು. ಅವನ ವಿರುದ್ಧದ ಮುಖ್ಯ ಸಾಕ್ಷಿಯಾಗಿದ್ದ, ಅದೇ ಮನೆಯ ನಿವಾಸಿ ಜಾನ್ ಕ್ರಿಸ್ಟಿ ಹಲವು ಸ್ತ್ರೀಯರನ್ನು ಕೊಂದವನೆಂಬುದು 1953ರಲ್ಲಿ ಹೊರಬಿತ್ತು. ಒಡನೆಯೇ ನಡೆಸಿದ ಅವಸರದ ವಿಚಾರಣೆ ಇವಾನ್ಸನೇ ಅಪರಾಧಿಯೆಂದು ಪುನಃ ಸಾರಿತು. ಮರಣೋತ್ತರ ಕ್ಷಮಾದಾನ ಬಂದದ್ದು 1966ರಲ್ಲಿ. ಮುಗಿದ ಮೊಕದ್ದಮೆಗಳನ್ನು ಪುನಃ ಅಪೀಲಿಗೆ ಕಳುಹಿಸುವ ಅಧಿಕಾರವು ಗೃಹಮಂತ್ರಿಯ ಕೈಯಿಂದ ತಪ್ಪಿ ಸ್ವತಂತ್ರವಾದ ಆಯೋಗವೊಂದಕ್ಕೆ ಸೇರಿದ್ದು 1995ರ ಶಾಸನದಿಂದ. ಆ ಆಯೋಗ ಕೆಲಸ ಪ್ರಾರಂಭಿಸಿದ್ದು 1997ರಲ್ಲಿ. ಸ್ಮಿತ್‌ನ ದಾಖಲೆಯನ್ನು ಗೃಹಖಾತೆಯು ಓದಿ ಮುಚ್ಚಿಟ್ಟ ವರ್ಷಕ್ಕೂ ಇದಕ್ಕೂ ನಡುವೆ ತೊಂಬತ್ತೊಂಬತ್ತು ವರ್ಷಗಳು.

ಅಪೀಲಿನ ಹಾದಿ ಬಹುಕಾಲದಿಂದಲೂ ತೆರೆದಿರುವ ನಮ್ಮಲ್ಲಿ ಸ್ಥಿತಿ ಹೇಗಿದೆಯೆಂಬುದಕ್ಕೆ ಒಂದೇ ಪ್ರಕರಣ ಸಾಕು. 2003ನೆಯ ಜೂನ್ ತಿಂಗಳಿನಲ್ಲಿ ಮಹಾರಾಷ್ಟ್ರದ ನಾಸಿಕ ಜಿಲ್ಲೆಯಲ್ಲಿ ಒಂದು ಗುಡಿಸಲಿನೊಳಗೆ ಐವರ ಕೊಲೆಯಾಯಿತು. ಬದುಕುಳಿದವರಲ್ಲೊಬ್ಬಳು, ಘಟನೆಯಾದ ಎರಡೇ ದಿನಗಳಲ್ಲಿ, ಪೊಲೀಸರು ತೋರಿಸಿದ ಭಾವಚಿತ್ರಗಳಿಂದ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರನ್ನು ಹಿಡಿಯಲಿಲ್ಲ; ತರುವಾಯ ಅಲೆಮಾರಿ ಸಮುದಾಯಕ್ಕೆ ಸೇರಿದ ಬೇರೆ ಆರು ಮಂದಿಯನ್ನು ಬಂಧಿಸಲಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಆರು ಮಂದಿಗೂ ಮರಣದಂಡನೆ ವಿಧಿಸಿತು. 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮೂವರ ಮರಣದಂಡನೆಯನ್ನು ಸ್ಥಿರಪಡಿಸಿ ಉಳಿದ ಮೂವರದನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೂವರಿಗೂ ಪುನಃ ಮರಣದಂಡನೆಯನ್ನೇ ವಿಧಿಸಿತು. ಅವರಲ್ಲೊಬ್ಬನು ಘಟನೆಯ ಕಾಲದಲ್ಲಿ ಬಾಲಕನಾಗಿದ್ದನೆಂಬುದು ಆಮೇಲೆ ತಿಳಿದುಬಂತು. 2018ರಲ್ಲಿ ತನ್ನ ತೀರ್ಪನ್ನು ತಾನೇ ಹಿಂತೆಗೆದುಕೊಂಡು ಅಪೀಲುಗಳನ್ನು ಮತ್ತೆ ಕೇಳಿದ ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ಆರು ಮಂದಿಯನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ತಲಾ 5 ಲಕ್ಷ ರೂಪಾಯಿಗಳ ಪರಿಹಾರವನ್ನು ರಾಜ್ಯ ಸರ್ಕಾರವು ಕೊಡಬೇಕೆಂದೂ, ತಪ್ಪಿತಸ್ಥ ತನಿಖಾಧಿಕಾರಿಗಳನ್ನು ಗುರುತಿಸಿ ಇಲಾಖಾ ಕ್ರಮ ಕೈಗೊಳ್ಳಬೇಕೆಂದೂ ಆಜ್ಞಾಪಿಸಿತು.

ಇಲ್ಲಿ ಅಪೀಲು ಇರಲಿಲ್ಲವೆನ್ನುವಂತಿಲ್ಲ. ಮೂರು ನ್ಯಾಯಾಲಯಗಳು ನೋಡಿದ್ದುವು. ಭಾವಚಿತ್ರಗಳಿಂದ ಬೇರೆ ನಾಲ್ವರನ್ನು ಗುರುತಿಸಿದ ಹೇಳಿಕೆ 2003ರಲ್ಲೇ ದಾಖಲಾಗಿತ್ತು. ಸ್ಮಿತ್‌ನ ಕಡತದಲ್ಲಿನ ಸಾಲಿನಂತೆಯೇ ಇದೂ ಅಷ್ಟು ವರ್ಷ ಓದುವವರಿಗಾಗಿ ಕಾದಿತ್ತು. ಮೇಲಿನ ನ್ಯಾಯಾಲಯವು ಕೆಳಗಿನದರ ತೀರ್ಮಾನಗಳಿಂದ ಹೊರಡುವುದೋ, ಸಾಕ್ಷ್ಯದಿಂದ ಹೊರಡುವುದೋ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಇನ್ನು ಉತ್ತರವಾದಿತ್ವದ ಮಾತು. ನ್ಯಾಯಾಧೀಶರು ತೀರ್ಪಿನಲ್ಲಿ ಎಡವಿದುದಕ್ಕಾಗಿ ದಂಡಾರ್ಹರಾಗಬೇಕೆಂದು ನಾವು ವಾದಿಸುತ್ತಿಲ್ಲ; 1850ರಷ್ಟು ಹಿಂದಿನಿಂದ ನಮ್ಮ ಕಾನೂನು ಅವರಿಗೆ ಕೊಟ್ಟಿರುವ ರಕ್ಷಣೆ ಇಲ್ಲದೆ ನಿರ್ಭೀತವಾದ ನ್ಯಾಯದಾನ ಸಾಧ್ಯವಿಲ್ಲ. ಪ್ರಶ್ನೆ ತನಿಖೆ ಮತ್ತು ಅಭಿಯೋಜನೆಗಳಿಗೆ ಸಂಬಂಧಿಸಿದ್ದು. 2014ರ ಜನವರಿಯಲ್ಲಿ ಗುಜರಾತಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಯೊಂದು ರಾಜ್ಯದ ಗೃಹ ಇಲಾಖೆಯೂ ಬಿಡುಗಡೆಯ ತೀರ್ಪುಗಳನ್ನೆಲ್ಲ ಪರಿಶೀಲಿಸಿ, ಮೊಕದ್ದಮೆ ಬಿದ್ದುಹೋದುದಕ್ಕೆ ಕಾರಣಗಳನ್ನು ದಾಖಲಿಸಿ, ಲೋಪವೆಸಗಿದ ಅಧಿಕಾರಿಗಳನ್ನು ನಿರ್ಧರಿಸುವ ವ್ಯವಸ್ಥೆಯೊಂದನ್ನು ಏರ್ಪಡಿಸಬೇಕೆಂದು ನಿರ್ದೇಶಿಸಿತು. ಪರಿಶೀಲಿಸುವವರು ಅದೇ ಇಲಾಖೆಯವರೇ ಎಂಬ ಆಕ್ಷೇಪ ಬೆಕ್‌ನ ಕಥೆಯನ್ನು ಓದಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಆದರೂ ಕಾರಣವನ್ನು ಬರೆದಿಡಬೇಕೆಂಬುದೇ ಒಂದು ಹೆಜ್ಜೆ.

ಪರಿಹಾರದ ವಿಷಯದಲ್ಲಿ ನಮ್ಮ ಲಿಖಿತ ಕಾನೂನು ಅತಿ ಬಡವಾಗಿದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬನನ್ನು ಪೊಲೀಸರಿಂದ ಬಂಧನಕ್ಕೆ ಗುರಿಮಾಡಿಸಿದವನು ಆ ಬಂಧಿತನಿಗೆ ಕೊಡಬೇಕಾದ ಪರಿಹಾರವು 1,000 ರೂಪಾಯಿಗಳನ್ನು ಮೀರತಕ್ಕದ್ದಲ್ಲವೆಂದು 1973ರ ಸಂಹಿತೆಯ 358ನೆಯ ಪ್ರಕರಣ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೆಯ ಪ್ರಕರಣದಲ್ಲಿಯೂ ಆ ಮೊತ್ತ 1,000 ರೂಪಾಯಿಗಳೇ. ಸರ್ಕಾರವು ಹೊರುವ ಹೊಣೆಯ ಮಾತು ಅದರಲ್ಲಿಲ್ಲ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳು ಸಂವಿಧಾನದ ಮೂಲಭೂತ ಹಕ್ಕುಗಳ ಆಧಾರದ ಮೇಲೆ ಆಗಾಗ ಪರಿಹಾರ ಕೊಡಿಸಿವೆಯಾದರೂ ಅದು ಮೊಕದ್ದಮೆಯಿಂದ ಮೊಕದ್ದಮೆಗೆ ಬದಲಾಗುವ ವಿವೇಚನೆಯ ಮಾತು; ಬೆಕ್‌ಗೆ ಸಿಕ್ಕ ಅನುಗ್ರಹಕ್ಕಿಂತ ಬಹಳ ದೂರವೇನೂ ಅಲ್ಲ. ದೆಹಲಿ ಉಚ್ಚ ನ್ಯಾಯಾಲಯವು 2017ರಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದ ಮೇಲೆ ಭಾರತದ ಕಾನೂನು ಆಯೋಗವು 2018ರ ಆಗಸ್ಟಿನಲ್ಲಿ ತನ್ನ 277ನೆಯ ವರದಿಯನ್ನು ಸಲ್ಲಿಸಿತು. ತಪ್ಪು ಅಭಿಯೋಜನೆಗೆ ಗುರಿಯಾದವರಿಗಾಗಿ ವಿಶೇಷ ನ್ಯಾಯಾಲಯಗಳೂ ಶಾಸನಬದ್ಧ ಪರಿಹಾರವೂ ಬೇಕೆಂದು ಅದರಲ್ಲಿ ಶಿಫಾರಸು ಮಾಡಿತು. 2023ರಲ್ಲಿ ಅಂಗೀಕೃತವಾದ ಹೊಸ ಸಂಹಿತೆಯಲ್ಲಿ ಅಂಥ ಅಧ್ಯಾಯವನ್ನು ಸೇರಿಸಲಿಲ್ಲ.

ಆ ವರದಿಯ ಅಳತೆಗೋಲನ್ನು ಒಂದು ಮಾತಿನಲ್ಲಿ ವಿಮರ್ಶಿಸುವುದು ಉಚಿತ. ದುರುದ್ದೇಶದಿಂದ ಅಥವಾ ಸದ್ಭಾವನೆಯಿಲ್ಲದೆ ಹೂಡಿದ ಮೊಕದ್ದಮೆಗಳಿಗೆ ಆಯೋಗವು ತನ್ನ ಯೋಜನೆಯನ್ನು ಅನ್ವಯಿಸಿದೆ. ಈ ಅಳತೆಗೆ ಬೆಕ್‌ನನ್ನು ತಂದು ನಿಲ್ಲಿಸಿದರೆ ಆತನಿಗೆ ಏನು ದಕ್ಕೀತು? ಆತನ ಪಾಲಿಗೆ ದುರುದ್ದೇಶ ಎಲ್ಲಿಯೂ ಇರಲಿಲ್ಲ. ಉಳಿಯುವುದು ಸದ್ಭಾವನೆ ಎಂಬ ಶಬ್ದ. ಈ ಶಬ್ದಕ್ಕೆ ನಮ್ಮ ಕಾನೂನಿನಲ್ಲಿ ಎರಡು ಅರ್ಥಗಳುಂಟು. ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ್ದು ಸದ್ಭಾವನೆಯಿಂದ ಮಾಡಿದ್ದಲ್ಲವೆಂದು 1860ರ ದಂಡ ಸಂಹಿತೆಯ 52ನೆಯ ಪ್ರಕರಣ ಹೇಳಿತು. ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಇರಿಸಿಕೊಂಡಿದೆ. ಪ್ರಾಮಾಣಿಕವಾಗಿ ಮಾಡಿದ್ದಾದರೆ, ಅಜಾಗರೂಕತೆಯಿಂದ ಮಾಡಿದ್ದಾದರೂ ಅದು ಸದ್ಭಾವನೆಯೇ ಎಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೇಳುತ್ತದೆ. ನರೆತ ಕೂದಲಿನವನು ಒಬ್ಬನೇ ಇದ್ದ ಸಾಲನ್ನು ನಿಲ್ಲಿಸಿದ ಪೊಲೀಸರೂ, 1898ರಲ್ಲಿ ಕಡತವನ್ನು ಓದಿ ಅಕ್ಷರವೊಂದನ್ನು ಅಳಿಸಿ ಸುಮ್ಮನಾದ ಗುಮಾಸ್ತರೂ ಎರಡನೆಯ ಅರ್ಥದಲ್ಲಿ ನಿರ್ದೋಷಿಗಳು, ಮೊದಲನೆಯ ಅರ್ಥದಲ್ಲಿ ಉತ್ತರ ಹೇಳಬೇಕಾದವರು. ಮುಂದೆ ಇಂಥ ಶಾಸನವೊಂದನ್ನು ರಚಿಸುವಾಗ ಸದ್ಭಾವನೆಗೆ ದಂಡ ಸಂಹಿತೆಯ ಅರ್ಥವನ್ನೇ ಸ್ಪಷ್ಟವಾಗಿ ಬರೆದು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಇಲ್ಲವಾದರೆ ಸೆರೆಯಿಂದ ಬಂದವನು ಹಣ ಪಡೆಯುವ ಮುನ್ನ, ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ತಾನೇ ಸಾಧಿಸಿ ತೋರಿಸಬೇಕಾಗುತ್ತದೆ.